ಮೆಕ್ಯಾನಿಕರು ಕೂಡಿದ ಎರಡು ದಿನ

ಮೊನ್ನೆ ಮಾನ್ವಿಯ ಬಸ್ ನಿಲ್ದಾಣದ ಎದುರಿಗೆ ಮೊಬೈಲ್ ರಿಪೇರಿ ಅಂಗಡಿಯೊಂದನ್ನು ಹಾದುಹೋಗುವಾಗ ಮೂಗಿಗೆ ರಾಳದ ಹೊಗೆ ಬಡಿಯಿತು. ಬೆಸುಗೆ ಹಾಕುವಾಗ ಏಳುವ ಆ ಹೊಗೆ ನಿಮಗೆ ಪರಿಚಯವಿರಲಿಕ್ಕಿಲ್ಲ. ಇದ್ದಿದ್ದರೆ ನೀವೂ ನನ್ನಂತೆ ಕೊತ್ತಂಬರಿ ತರುವುದನ್ನು ಮರೆತು ಅಲ್ಲೇ ನಿಂತುಬಿಡುತ್ತಿದ್ದಿರಿ. "ಏನ್ ಬೇಕ್ರಿ ಯಪ್ಪಾ?" ಎಂದು ಅಂಗಡಿಯವನು ಕೇಳಿದ. ವಾಸನೆ ಕುಡಿಯಲು ನಿಂತಿದ್ದೇನೆ ಎಂದು ಹೇಗೆ ಹೇಳುವುದು? ಬಸ್ಸಿನ ವೇಳೆ ಕೇಳಿ ಜಾಗ ಖಾಲಿ ಮಾಡಿದೆ.

ಎಪ್ಪತ್ತರ ದಶಕದಲ್ಲಿ ಇದೇ ರಸ್ತೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ನಾನು ಭಾರಿ ಮೆಕ್ಯಾನಿಕ್ ಏನಲ್ಲ. ಬಿಚ್ಚುವಾಗ ಇದ್ದ ಧೈರ್ಯ ಮುಚ್ಚುವಾಗ ಇರುತ್ತಿರಲಿಲ್ಲ. ಸೆಟ್ಟು ಮುಚ್ಚಿದ ಮೇಲೂ ಒಂದೆರಡು ತಿರುಪು ಮೇಜಿನ ಮೇಲೆ ಉಳಿಯುತ್ತಿದ್ದವು; ಗಿರಾಕಿಯ ಕಣ್ಣಿಗೆ ಬೀಳದಂತೆ ಅವನ್ನು ಅಂಗೈಯಲ್ಲಿ ಅಡಗಿಸುವ ವಿದ್ಯೆ ಮಾತ್ರ ಚೆನ್ನಾಗಿ ಕೈಹತ್ತಿತ್ತು. ಆಗ ನಮ್ಮ ಕಸುಬಿನಲ್ಲಿ ಗುಟ್ಟು ಬಹಳ. ಸೆಟ್ಟಿನೊಳಗೆ ಹೊಸ ಟ್ರಾನ್ಸಿಸ್ಟರ್ ಹಾಕಿದರೆ ಅದರ ಮೇಲಿನ ನಂಬರನ್ನು ಬ್ಲೇಡಿನಿಂದ ಕೆರೆದು ಅಳಿಸುತ್ತಿದ್ದೆವು, ಮುಂದೆ ಆ ಸೆಟ್ಟು ಬಿಚ್ಚುವ ಇನ್ನೊಬ್ಬ ಮೆಕ್ಯಾನಿಕನಿಗೆ ಯಾವುದು ಹಾಕಿದ್ದೇವೆಂದು ತಿಳಿಯಬಾರದು ಎಂದು.

ನಾನು ಗುಟ್ಟು ಬಿಟ್ಟುಕೊಡುತ್ತಿದ್ದುದು ಒಬ್ಬನಿಗೆ ಮಾತ್ರ, ದೇವದುರ್ಗದ ನಾಗಪ್ಪನಿಗೆ. ಅವನನ್ನು ಒಮ್ಮೆಯಷ್ಟೇ ರಾಯಚೂರಿನಲ್ಲಿ ನೋಡಿದ್ದೆ. ಆಮೇಲೆ ನಮ್ಮ ಮಾತುಕತೆಯೆಲ್ಲ ದೇವದುರ್ಗದ ಬಸ್ಸಿನ ಕಂಡಕ್ಟರ್ ಬಸಣ್ಣನ ಬಾಯಿಂದಲೇ. ಬೆಳಿಗ್ಗೆ ಅವನ ಕಿವಿಯಲ್ಲಿ ಸೆಟ್ಟಿನ ರೋಗ ಹೇಳಿ ಕಳಿಸಿದರೆ ಸಂಜೆಗೆ ಔಷಧ ಬರುತ್ತಿತ್ತು. ಒಂದು ಸಲ, ಸೆಟ್ಟು ಗುಂಯ್ ಎನ್ನುತ್ತದೆಯೇ ಹೊರತು ಮಾತಾಡುವುದಿಲ್ಲ ಎಂದು ಹೇಳಿ ಕಳಿಸಿದ್ದೆ. ಸಂಜೆ ಬಸಣ್ಣ ಮುಖ ಊದಿಸಿಕೊಂಡು ಬಂದ.

"ಇನ್ನ ಮ್ಯಾಲೆ ನಿಮ್ಮ ಸುದ್ದಿ ನಾ ಒಯ್ಯಂಗಿಲ್ರಿ."

"ಯಾಕೋ ಬಸಣ್ಣಾ, ಏನಾತು?"

"ಕಂಡಕ್ಟರ್ ಬದಲಿ ಮಾಡಂತ ಹೇಳು ಅಂದ್ರು. ನಾ ಏನ್ ತಪ್ಪು ಮಾಡೀನ್ರಿ?"

ಅದು ಕಂಡಕ್ಟರ್ ಅಲ್ಲ, ಕಂಡೆನ್ಸರ್, ಸೆಟ್ಟಿನೊಳಗಿನ ಒಂದು ಬಿಡಿಭಾಗ ಎಂದು ಅವನಿಗೆ ತಿಳಿಸಿ ಹೇಳಲು ಎರಡು ಕಪ್ ಚಹಾ ಬೇಕಾಯಿತು. ಬದಲಿ ಮಾಡಿದೆ, ಸೆಟ್ಟು ಮಾತಾಡಿತು. ನಾಗಪ್ಪನ ಕೈಗುಣವನ್ನು ಮನಸಾರೆ ಹೊಗಳಿದೆ.

ಎಂಬತ್ತರ ದಶಕ ಶುರುವಾದ ಮೇಲೆ ನಮ್ಮ ಕಡೆ ಟೀವಿಯ ಮಾತು ಕೇಳಿಬರತೊಡಗಿತು. ರೇಡಿಯೋ ನಂಬಿದವರ ಎದೆಯಲ್ಲಿ ಅಳುಕು. ಅಷ್ಟರಲ್ಲಿ ಒಂದು ಟೀವಿ ಕಂಪನಿ ಸುತ್ತಲಿನ ತಾಲೂಕುಗಳ ಮೆಕ್ಯಾನಿಕರನ್ನೆಲ್ಲ ರಾಯಚೂರಿನ ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿ ಎರಡು ದಿನದ ಸಮ್ಮೇಳನಕ್ಕೆ ಕರೆಯಿತು. ಟೀವಿ ರಿಪೇರಿ ಕಲಿಸುವುದಲ್ಲದೆ, ಮಾನ್ವಿ–ದೇವದುರ್ಗ ಎರಡೂ ಕಡೆಗೆ ಸೇರಿ ಒಬ್ಬರನ್ನು ತಮ್ಮ ಸರ್ವಿಸ್ ಏಜೆಂಟನ್ನಾಗಿ ಆರಿಸುತ್ತಾರಂತೆ. ರಾಯಚೂರಿನ ದಾರಿಯ ಕಲ್ಮಲ ದಾಟುವವರೆಗೂ ಬಸ್ಸಿನಲ್ಲಿ ನನಗೆ ಒಂದೇ ಚಿಂತೆ: ಎದುರಾಳಿ ನಾಗಪ್ಪ.

ಲಾಡ್ಜಿನ ಹಾಲಿನಲ್ಲಿ ಎಲ್ಲರೂ ತಮ್ಮ ತಮ್ಮ ಚೀಲ ತಬ್ಬಿಕೊಂಡು, ಯಾರಾದರೂ ಕದ್ದಾರೆಂಬಂತೆ ದೂರ ದೂರ ಕೂತಿದ್ದರು. ಹಿಂದಿನ ಸಾಲಿನಲ್ಲಿ ಹಸಿರು ಇಳಕಲ್ ಸೀರೆಯ ಹೆಣ್ಣುಮಗಳೊಬ್ಬಳು. ಯಾರದೋ ಜೊತೆ ಬಂದಿರಬೇಕೆಂದುಕೊಂಡೆ. "ದೇವದುರ್ಗದ ನಾಗ್ಯಾ ಎಲ್ಲಿ?" ಎಂದು ಗಟ್ಟಿಯಾಗಿ ಕೇಳಿದೆ.

ಆಕೆ ಎದ್ದು ನಿಂತಳು. "ಅವ್ರು ಶಕ್ತಿನಗರದಾಗ ಕೆಲಸಕ್ಕ ಹೋಗಿ ಭಾಳ ದಿನ ಆತ್ರಿ. ಭಾನುವಾರ ಅಷ್ಟ ಮನಿಗಿ ಬರ್ತಾರ. ಅಂಗಡಿ ನಾನೇ ನೋಡ್ತೀನಿ. ಕಂಡೆನ್ಸರ್ ಬದಲಿ ಮಾಡಿದ್ರಿಲ್ಲ ಅಣ್ಣಾರ?"

ಇಷ್ಟು ವರ್ಷ ನನ್ನ ಸೆಟ್ಟುಗಳಿಗೆ ಉಸಿರು ಕೊಟ್ಟವಳು ನಾಗಪ್ಪನ ಹೆಂಡತಿ ರತ್ನಮ್ಮ! ಬಸಣ್ಣ ಪ್ರತಿ ಸಲ 'ಹೇಳ್ಯಾರ' ಎಂದು ಮರ್ಯಾದೆಯಿಂದ ಅನ್ನುತ್ತಿದ್ದುದು ಆಗ ನೆನಪಾಯಿತು. ನಾನು ಸಲಿಗೆಯಿಂದ 'ಆ ಕಿವುಡ ನನ್ಮಗನಿಗೆ ಹೇಳು' ಎಂದು ಕಳಿಸಿದ ಮಾತುಗಳೂ ನೆನಪಾದವು.

ಮಧ್ಯಾಹ್ನದವರೆಗೆ ಅಧಿಕಾರಿಯೊಬ್ಬರು ಟೀವಿಯ ಹೊಟ್ಟೆ ಬಿಚ್ಚಿ ಚೆನ್ನಾಗಿಯೇ ಪಾಠ ಹೇಳಿದರು. ಆದರೆ ಗೊತ್ತಾಗದ್ದನ್ನು ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಕೇಳಿದರೆ ತನಗೆ ಬರುವುದಿಲ್ಲವೆಂದು ಪಕ್ಕದ ಊರಿನವನಿಗೆ ತಿಳಿದುಹೋಗುತ್ತದಲ್ಲ! ನಮಗೆಲ್ಲ ಬಿಡಿಭಾಗ ಮಾರುತ್ತಿದ್ದ ರಾಯಚೂರಿನ ಖಾಜಾಭಾಯಿ ಇದನ್ನೆಲ್ಲ ನೋಡುತ್ತಿದ್ದರು. ಸಂಜೆ ಎಲ್ಲರನ್ನೂ ತಮ್ಮ ಅಂಗಡಿಗೆ ಕರೆದೊಯ್ದು ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ, ಚಹಾ ತರಿಸಿದರು.

"ಅರೆ ಭಾಯಿ, ಹಿಂಗ ಮಾರಿ ಗಂಟು ಹಾಕ್ಕೊಂಡು ತಿಂದ್ರ ಮಿರ್ಚಿ ಕರಗಂಗಿಲ್ಲ. ನೀವು ಗೆದ್ದದ್ದು ನನಗ ಬ್ಯಾಡ. ಯಾವ ಸೆಟ್ಟಿಗೆ ಸೋತೀರಿ, ಅದನ್ನ ಹೇಳ್ರಿ. ಒಬ್ಬೊಬ್ಬರಾಗಿ ಹೇಳ್ರಿ."

ಮೊದಲು ನನ್ನನ್ನೇ ಹಿಡಿದರು. ಒಂದು ಸೆಟ್ಟು ನನ್ನ ಅಂಗಡಿಯಲ್ಲಿ ಸೊಗಸಾಗಿ ಹಾಡುತ್ತಿತ್ತು, ಗಿರಾಕಿಯ ಮನೆಗೆ ಹೋದೊಡನೆ ಮೂಕವಾಗುತ್ತಿತ್ತು. ಅದನ್ನು ಹೊತ್ತು ಅಲೆದಾಡಿ ಆ ಮನೆಯ ನಾಯಿಯೂ ನನ್ನನ್ನು ಬೊಗಳುವುದು ಬಿಟ್ಟಿತು ಎಂದೆ. ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಲಿಂಗಸುಗೂರಿನವನೊಬ್ಬ, "ಸಂಜಿ ಆದ ಮ್ಯಾಲೆ ಅವ್ರ ಓಣ್ಯಾಗ ಬಲ್ಬು ಹೆಂಗ ಉರಿತದ ನೋಡೀರೇನ್ರಿ? ಕರೆಂಟ್ ಕಮ್ಮಿ ಇರ್ಬೇಕು" ಎಂದ. ಹೌದಲ್ಲ! ಆ ಒಂದು ಮಾತಿನ ಹಿಂದೆ ಹತ್ತು ಮಾತು ಬಂದವು. ಸೋತದ್ದನ್ನು ಹೇಳಲು ಯಾರಿಗೂ ಜಿಪುಣತನವಿರಲಿಲ್ಲ. ಲಾಡ್ಜಿನಲ್ಲಿ ಬಿಗಿದುಕೊಂಡಿದ್ದ ಚೀಲಗಳೂ ಹಾಗೆಯೇ ಬಿಚ್ಚಿಕೊಂಡವು.

ಕೊನೆಗೆ ರತ್ನಮ್ಮನ ಸರದಿ. "ನಮ್ಮತ್ತಿ ರೇಡಿಯೋ ಕೆಟ್ಟಿತ್ರಿ. ಒಂದು ತಾಸಿನ್ಯಾಗ ಸರಿ ಮಾಡಿ ಮುಂದ ಇಟ್ಟೆ. ಮುಟ್ಟಲಿಲ್ಲ. 'ನಾಗಪ್ಪ ಬಂದು ನೋಡ್ಲಿ' ಅಂದ್ರು. ಭಾನುವಾರ ಅವ್ರ ಮಗ ಬಂದು ಗುಂಡಿ ತಿರುವಿದ್ರು, ಹಾಡ್ತು. 'ನನ್ನ ಮಗ ರಿಪೇರಿ ಮಾಡಿದ' ಅಂತ ಓಣಿಗೆಲ್ಲ ಹೇಳ್ಕೊಂಡು ಬಂದ್ರು." ಆಕೆ ಚಹಾದ ಬಟ್ಟಲು ಕೆಳಗಿಟ್ಟಳು. "ಸೆಟ್ ರಿಪೇರಿ ಆತ್ರಿ. ಅತ್ತಿ ಆಗಲಿಲ್ಲ."

ನಕ್ಕವರ ನಗೆ ಅರ್ಧಕ್ಕೇ ನಿಂತಿತು. ಖಾಜಾಭಾಯಿ ಆಕೆಯ ಮುಂದೆ ಇನ್ನೊಂದು ಮಿರ್ಚಿ ಇಟ್ಟರು.

ಮರುದಿನ ಅಧಿಕಾರಿ ಏಜೆಂಟರ ಹೆಸರು ಕೇಳಿದರು. ರತ್ನಮ್ಮನ ಕಡೆ ತಿರುಗಿ ಸೌಮ್ಯವಾಗಿಯೇ, "ನಿಮ್ಮ ಯಜಮಾನರು ಬಂದಿದ್ದರೆ ನೋಡಬಹುದಿತ್ತು. ಈಗ ಮಾನ್ವಿಯವರ ಹೆಸರನ್ನೇ ಬರೆದುಕೊಳ್ಳುತ್ತೇನೆ" ಎಂದರು. ನಾನು ಸುಮ್ಮನಿದ್ದರೆ ಸಾಕಿತ್ತು. ನಿಮಗೆ ನಿಜ ಹೇಳುತ್ತೇನೆ, ಒಂದು ಗಳಿಗೆ ಮನಸ್ಸು ಸುಮ್ಮನಿರು ಎಂದೇ ಹೇಳಿತು. ರೇಡಿಯೋ ಮುಳುಗುತ್ತಿತ್ತು, ಮನೆಯಲ್ಲಿ ಮೂವರು ಮಕ್ಕಳಿದ್ದರು. ಅಷ್ಟರಲ್ಲಿ ರತ್ನಮ್ಮ ಎದ್ದಳು.

"ಅವ್ರು ಬಂದ್ರ ನಿಮಗ ಒಂದು ಚಾ ಜಾಸ್ತಿ ಖರ್ಚಾಗ್ತದ ಸಾಹೇಬ್ರ, ಅಷ್ಟೇ. ಸೆಟ್ ಬಿಚ್ಚಾಕಿ ನಾನೇ."

ನಾನೂ ಎದ್ದೆ. "ಇಬ್ಬರ ಹೆಸರೂ ಬರ್ಕೊಳ್ರಿ. ಮಾಳಿಗಿ ಏರಿ ಆಂಟೆನಾ ನಾ ಕಟ್ಟತೀನಿ. ಸೆಟ್ ಕೆಟ್ರ ಅಕ್ಕಾರು ನೋಡ್ತಾರ" ಎಂದೆ, ಬಹಳ ದೊಡ್ಡ ಮಾತಾಡಿದವನ ಠೀವಿಯಲ್ಲಿ.

"ಸೆಟ್ ನೀವೂ ನೋಡ್ರಿ ಅಣ್ಣಾರ," ಎಂದಳು ರತ್ನಮ್ಮ. "ಮಾಳಿಗಿ ಏರಾಕ ನನಗೂ ಬರ್ತದ."

ಹಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಧಿಕಾರಿಯೂ ನಕ್ಕು ಎರಡೂ ಹೆಸರು ಬರೆದುಕೊಂಡರು. ಆದರೆ ಏಜೆನ್ಸಿ ನಮಗಿಬ್ಬರಿಗೂ ಸಿಗಲಿಲ್ಲ; ರಾಯಚೂರಿನ ಬಟ್ಟೆ ವ್ಯಾಪಾರಿಯೊಬ್ಬರ ಪಾಲಾಯಿತು. ಅವರು ಟೀವಿ ಮಾರಿದರು. ಕೆಟ್ಟವು ಮಾತ್ರ ತಾವಾಗಿಯೇ ನಮ್ಮ ಅಂಗಡಿಗಳಿಗೆ ನಡೆದು ಬಂದವು.

ನಮಗೆ ಸಿಕ್ಕಿದ್ದು ಬೇರೆ. ಖಾಜಾಭಾಯಿ ತಿಂಗಳಿಗೊಂದು ಶುಕ್ರವಾರ ನಮಾಜು ಮುಗಿಸಿ ಬಂದು ಅಂಗಡಿಯಲ್ಲಿ ಚಾಪೆ ಹಾಸುತ್ತಿದ್ದರು. ಮಾನ್ವಿ, ದೇವದುರ್ಗ, ಲಿಂಗಸುಗೂರು, ಎಲ್ಲರೂ ಕೂಡುತ್ತಿದ್ದೆವು. ಟೀವಿ ಕಲಿತದ್ದು ಆ ಚಾಪೆಯ ಮೇಲೆಯೇ. ಯಾರು ಯಾವಾಗ ಬಿಟ್ಟರೋ, ನಂಬರ್ ಕೆರೆಯುವ ಅಭ್ಯಾಸ ನಮ್ಮೊಳಗೆ ಇಲ್ಲವಾಯಿತು. ದೇವದುರ್ಗದ ಅಂಗಡಿಯ ಬೋರ್ಡಿನ ಮೇಲೆ ರತ್ನಮ್ಮನ ಹೆಸರು ಬಂತು. ಬರೆಸಿದವನು ನಾಗಪ್ಪನೇ. ಅದು ಸರಿ, ಅತ್ತೆ? ಕೆಲವು ವರ್ಷಗಳ ನಂತರ ಆ ಮುದುಕಿ ಪಕ್ಕದ ಓಣಿಯ ಟೀವಿ ಹೊರಿಸಿಕೊಂಡು ಬಂದು, "ನಮ್ಮ ಸೊಸಿ ನೋಡ್ತಾಳ, ಇಡು" ಎಂದಳಂತೆ. ಆ ಸುದ್ದಿ ಕೇಳಿದ ಶುಕ್ರವಾರ ಖಾಜಾಭಾಯಿ ಇಡೀ ಚಾಪೆಗೆ ಮಿಠಾಯಿ ಹಂಚಿದರು.

ಖಾಜಾಭಾಯಿ ತೀರಿಹೋದ ಮೇಲೆ ಚಾಪೆ ಹಾಸುವವರಿಲ್ಲದಾದರು. ನಮ್ಮ ಅಂಗಡಿಗಳೂ ಒಂದೊಂದಾಗಿ ಮುಚ್ಚಿದವು. ರತ್ನಮ್ಮನನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಮೊನ್ನೆಯ ರಾಳದ ವಾಸನೆ ಬಿಡಲಿಲ್ಲ; ನಿನ್ನೆ ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿದೆ. ಆಕೆ ಮನೆಯ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಗುರುತು ಹಿಡಿದಳು.

"ಬರ್ರಿ ಅಣ್ಣಾರ. ಏನ್ ಕೆಟ್ಟದ?"

"ಏನೂ ಕೆಟ್ಟಿಲ್ಲ ಅಕ್ಕಾರ. ಸುಮ್ಮನ ಬಂದೀನಿ."

ಆಕೆ ಬೇಳೆಯ ಮೊರವನ್ನು ಬದಿಗೆ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು.

"ಹಂಗಾದ್ರ ಕೂಡ್ರಿ. ಕೆಟ್ಟಿದ್ರ ಲಗೂ ಮುಗಿಸಿ ಕಳಿಸ್ತಿದ್ದೆ. ಸುಮ್ಮನ ಬಂದವ್ರಿಗೆ ಹೊತ್ತು ಹಿಡಿತದ."