ಅನುಮಾನದ ಮೇಷ್ಟ್ರು

ಕಾಲೇಜಿನ ಗೇಟಿನೆದುರು ಸಾಲಾಗಿ ನಿಲ್ಲುವ ತಿಂಡಿ ಗಾಡಿಗಳಲ್ಲಿ ಅಪ್ಪಟ ಸಸ್ಯಾಹಾರಿ ಎಂದರೆ ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸಿನ ಹಸಿರು ಟ್ರಕ್ಕೊಂದೇ. ಆದರೂ ಅದೇ ಕಾಲೇಜಿನಿಂದ ರಿಟೈರಾದ ನಮ್ಮ ಅನುಮಾನದ ಮೇಷ್ಟ್ರು ಸುಮ್ಮನೆ ನಂಬುವ ಆಸಾಮಿಯಲ್ಲ. ಮೊದಲು ಕರವಸ್ತ್ರ ಎತ್ತಿ ಹಿಡಿದು, ಪಕ್ಕದ ಕೋಳಿ ಗಾಡಿಯ ಕಡೆಯಿಂದ ಗಾಳಿ ಬೀಸುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಶುರು: "ಏನಮ್ಮಾ, ಸೂಪಿಗೆ ಮೂಳೆಗೀಳೆ ಹಾಕಿಲ್ಲ ತಾನೆ? ಈ ಸೌಟು ಪಕ್ಕದ ಗಾಡಿಗೆ ಹೋಗಿ ಬಂದಿಲ್ಲ ತಾನೆ?" "ಆ ಕಡೆ ತಲೆ ಹಾಕಿಯೂ ಮಲಗಿಲ್ಲ ಮೇಷ್ಟ್ರೇ," ಅನ್ನುತ್ತಾಳೆ ಅಕ್ಕ. ಹಿಂದೆ ಹಸಿದ ಹುಡುಗರ ಸಾಲು ಬೆಳೆಯುತ್ತಿದ್ದರೆ, ಇವರು ಅಣಬೆಯ ವಂಶಾವಳಿ ವಿಚಾರಿಸುತ್ತಿರುತ್ತಾರೆ. ರೋಸಿಹೋದ ಅಕ್ಕನ ಮಗಳು ಒಂದು ದಿನ ಅವರ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು ಬೋರ್ಡು ನೇತುಹಾಕಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದರು, "ಎಲ್ಲಾ ಸರಿಯಾಗಿದೆ" ಅಂದರು, ಏನೂ ತಿನ್ನದೆ ಹೊರಟುಹೋದರು. ರಿಟೈರಾದ ಮೇಲೆ ಅವರ ಪ್ರಶ್ನೆಗೆ ನಿಂತು ಉತ್ತರ ಕೊಡುತ್ತಿದ್ದವಳು ತಾನೊಬ್ಬಳೇ ಎಂದು ಅಕ್ಕನಿಗೆ ಆಗ ಹೊಳೆಯಿತು. ಮಾರನೆಯ ದಿನ ಮೇಷ್ಟ್ರು ದೂರದಲ್ಲಿ ಕಂಡದ್ದೇ ತಡ, ಬೋರ್ಡು ಕಿತ್ತು ಒಳಗೆಸೆದು, ಥಳಥಳ ಹೊಳೆಯುವ ಸೌಟನ್ನು ಕಿಟಕಿಯಿಂದ ಹೊರಚಾಚಿದಳು: "ಮೇಷ್ಟ್ರೇ, ಇದರ ಮೇಲೆ ಯಾಕೋ ನನಗೇ ಅನುಮಾನ, ಸ್ವಲ್ಪ ನೋಡ್ತೀರಾ?"