ಖಾಲಿ ಪುಟದ ಸಹಿ

ವಕ್ಕಲೇರಿ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಮುನಿಯಲ್ಲಮ್ಮ ಇಪ್ಪತ್ತು ವರ್ಷಗಳಿಂದ ಅಟೆಂಡರ್. ದಾಖಲೆ ಬೀರುವಿನ ಬೀಗದ ಕೈ ಅವಳ ಸೊಂಟದಲ್ಲಿ. ಅಧ್ಯಕ್ಷರು ಬಂದರು, ಹೋದರು. ಕಾರ್ಯದರ್ಶಿಗಳು ಬಂದರು, ವರ್ಗವಾದರು. ಬೀಗದ ಕೈ ಮಾತ್ರ ಕದಲಲಿಲ್ಲ. ಓದಿದ್ದು ಏಳನೇ ಕ್ಲಾಸು. ಆದರೂ ಯಾವ ಕಾರ್ಯದರ್ಶಿಯ ಅಕ್ಷರ ಹೇಗಿತ್ತೆಂದು ಕೇಳಿ, ಥಟ್ಟನೆ ಹೇಳುತ್ತಾಳೆ.

ಈ ಬೇಸಿಗೆಯಲ್ಲಿ ಅವಳ ನೆಮ್ಮದಿ ಕೆಡಿಸಿದ್ದು ಕೆರೆಕಟ್ಟೆ ಪಕ್ಕದ ಐದು ಗುಂಟೆ ಜಾಗ. ಹನ್ನೆರಡು ವರ್ಷದ ಹಿಂದಿನ ಗ್ರಾಮಸಭೆಯಲ್ಲಿ ನೀರು ಹಂಚುತ್ತಿದ್ದವಳು ತಟ್ಟೆ ಕೆಳಗಿಟ್ಟು, ಆ ಜಾಗ ಅಂಗನವಾಡಿಗೆ ಕೊಡಿ ಎಂದು ಕೇಳಿದ್ದಳು. ಸಭೆಯಲ್ಲಿ ಅವಳು ಬಾಯಿ ಬಿಟ್ಟದ್ದು ಅದೊಂದೇ ಸಲ. ಎಲ್ಲರೂ ಒಪ್ಪಿದ್ದರು. ಕಟ್ಟಡ ಮಾತ್ರ ಏಳಲಿಲ್ಲ. ಮಕ್ಕಳು ಇಂದಿಗೂ ಬಾಡಿಗೆಯ ಶೀಟಿನ ಕೋಣೆಯಲ್ಲಿ ಬೇಯುತ್ತಿದ್ದಾರೆ. ಈಗ ಅಲ್ಲಿ ಅಂಗಡಿ ಮಳಿಗೆ ಕಟ್ಟುವ ವಿಷಯ ಬರುವ ಸೋಮವಾರದ ಗ್ರಾಮಸಭೆಯ ಮುಂದೆ ಬರಲಿತ್ತು.

“ಅದು ಅಂಗನವಾಡಿಗೆ ಅಂತ ಆಗ್ಲೇ ತೀರ್ಮಾನ ಆಗೈತೆ ಸ್ವಾಮಿ,” ಎಂದಳು ಅಧ್ಯಕ್ಷ ಪೆದ್ದಪ್ಪನವರಿಗೆ.

“ಆಗಿದ್ರೆ ಪುಸ್ತಕದಾಗೆ ತೋರ್ಸಮ್ಮ.”

ನಡಾವಳಿ ಪುಸ್ತಕದಲ್ಲಿ ಆ ಸಭೆಯ ತಾರೀಖಿನ ಪುಟ ತೆಗೆದರೆ ಸಹಿಗಳಿದ್ದವು, ಚರಂಡಿ, ರಸ್ತೆ ಎಲ್ಲ ಇದ್ದವು. ಅಂಗನವಾಡಿಯ ಸುದ್ದಿಯೇ ಇಲ್ಲ. ವಯಸ್ಸಾಯಿತಲ್ಲ, ಮರೆವು ಎಂದು ಯಾರೋ ನಕ್ಕರು. ಅವಳಿಗೆ ಅಳುವೇ ಬಂತು.

ಅದೇ ದಿನಗಳಲ್ಲಿ, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಶೋಭಾರಾಣಿ ಹಳೆಯ ನಡಾವಳಿ ಪುಸ್ತಕಗಳ ಒಂದೊಂದೇ ಪುಟದ ಫೋಟೊ ಹಿಡಿಯುತ್ತಿದ್ದಳು. ಎಐ ಆ ಕೈಬರಹವನ್ನು ಓದಿ ಅಚ್ಚಿನ ಅಕ್ಷರಕ್ಕೆ ಇಳಿಸುತ್ತಿತ್ತು. ಆಮೇಲೆ ಏನು ಬೇಕೋ ಕೇಳಿದರೆ, ಪುಟ ಹುಡುಕಿ ತೋರಿಸುತ್ತಿತ್ತು. ಅಷ್ಟು ಜಾಣ ಯಂತ್ರವೂ ಹಳೆಯ ಕಾರ್ಯದರ್ಶಿ ಶ್ರೀನಿವಾಸಪ್ಪನವರ ಅಕ್ಷರದ ಮುಂದೆ ತಬ್ಬಿಬ್ಬಾಯಿತು. ಮುನಿಯಲ್ಲಮ್ಮ ಮೂರು ಮಧ್ಯಾಹ್ನ ಪಕ್ಕದಲ್ಲಿ ಕೂತು, ತಪ್ಪಾದಲ್ಲೆಲ್ಲ ಓದಿ ಹೇಳಿ ತಿದ್ದಿಸಿದಳು.

ಶನಿವಾರ ಶೋಭಾರಾಣಿ ‘ಕೆರೆಕಟ್ಟೆ ಜಾಗ ಅಂಗನವಾಡಿ’ ಎಂದು ಹುಡುಕಿದಳು. ಒಂದು ಪುಟ ಬಂತು.

“ಅಕ್ಕಾ, ಇದು ಆ ಸಭೆ ಆದ ಮಾರನೇ ವರ್ಷದ ಸಭೆಗಳ ಮಧ್ಯೆ ಸೇರ್ಕೊಂಡಿದೆ ನೋಡಿ.”

ಪುಟದ ತಲೆಯಲ್ಲಿ ಅದೇ ಹಳೆಯ ತಾರೀಖು, ‘ಮುಂದುವರಿದ ವಿಷಯ’ ಎಂಬ ಮಾತು, ಅದರಡಿ ಅಂಗನವಾಡಿಯ ತೀರ್ಮಾನ. ಕೆಳಗೆ ಅಂದಿನ ಅಧ್ಯಕ್ಷರ, ಕಾರ್ಯದರ್ಶಿ ಶ್ರೀನಿವಾಸಪ್ಪನವರ ಸಹಿ. ಮುನಿಯಲ್ಲಮ್ಮನಿಗೆ ತಕ್ಷಣ ಹೊಳೆಯಿತು. ಇಲ್ಲಿ ಮೊದಲು ಸಹಿ, ಆಮೇಲೆ ಬರಹ. ಡೇರಿಗೆ ಹಾಲು ಹಾಕುವ ಹೊತ್ತಾಯಿತೆಂದು ಜನ ಎದ್ದು ಹೋಗುತ್ತಾರೆಂದು, ಖಾಲಿ ಪುಟಕ್ಕೇ ಸಹಿ ಮಾಡಿಸಿಬಿಡುವುದು ವಾಡಿಕೆ. ಶ್ರೀನಿವಾಸಪ್ಪನವರು ಸಾವಕಾಶವಾಗಿ ಬರೆಯಲು ಕೂರುವಷ್ಟರಲ್ಲಿ ಪಕ್ಕದ ಪುಟಗಳಲ್ಲಿ ಮುಂದಿನ ಸಭೆಗಳ ಸಹಿಗಳೂ ಬಿದ್ದಿದ್ದವು. ಆ ಸಭೆಯ ಪುಟ ಸಾಲದೆ, ಉಳಿದದ್ದನ್ನು ಕೈಗೆ ಸಿಕ್ಕ ಖಾಲಿ ಪುಟಕ್ಕೆ ತುರುಕಿದ್ದರು.

“ಆ ಖಾಲಿ ಪುಟ ಹಿಡ್ಕೊಂಡು ಎಲ್ರ ಹತ್ರ ಸಹಿ ಹಾಕಿಸ್ತಿದ್ದೋಳು ನಾನೇ ಕಣಮ್ಮ,” ಎಂದಳು ಮುನಿಯಲ್ಲಮ್ಮ. ಸಂತೋಷದ ಜೊತೆಗೇ ನಾಚಿಕೆಯೂ ಆಯಿತು.

ಸೋಮವಾರ ಪೆದ್ದಪ್ಪ ಆ ಪುಟವನ್ನು ಸಭೆಗೆ ಓದಿದರು. ‘ಹಾಜರಿದ್ದ ಮಹಿಳೆಯೊಬ್ಬರ ಕೋರಿಕೆಯಂತೆ’ ಎಂಬಲ್ಲಿ ನಿಲ್ಲಿಸಿ ಮುನಿಯಲ್ಲಮ್ಮನತ್ತ ನೋಡಿದರು. ಮಳಿಗೆಯ ಮಾತು ಅಲ್ಲಿಗೆ ಬಿತ್ತು. ಜಾಗ ಅಂಗನವಾಡಿಗೇ, ಕಟ್ಟಡಕ್ಕೆ ಈ ವರ್ಷವೇ ಅರ್ಜಿ ಎಂದು ಸಭೆ ಒಪ್ಪಿತು.

“ಸಹಿಗೆ ಪುಸ್ತಕ ತಿರುಗ್ಸಮ್ಮ, ಡೇರಿಗೆ ಹೊತ್ತಾಯ್ತು,” ಎಂದರು ಈಗ ನಡಾವಳಿ ಬರೆಯುವ ಪಿಡಿಒ.

ಮುನಿಯಲ್ಲಮ್ಮ ಪುಸ್ತಕ ತೆರೆದು ಅವರ ಮುಂದೆಯೇ ಇಟ್ಟಳು.

“ಮೊದ್ಲು ಬರ್ದು ಓದಿ ಸ್ವಾಮಿ, ಆಮೇಲೆ ತಿರುಗಿಸ್ತೀನಿ. ಜಾಗ ಕೇಳಿದೋಳ ಹೆಸ್ರೂ ಬರೀರಿ.”

ಪಿಡಿಒ ಪೆದ್ದಪ್ಪನವರ ಮುಖ ನೋಡಿದರು. ಪೆದ್ದಪ್ಪ ತಲೆಯಾಡಿಸಿದರು. ಬರೆದು ಮುಗಿಸಿ ಓದುವವರೆಗೂ ಜನ ಕೂತೇ ಇದ್ದರು. ಅಂದು ಡೇರಿಗೆ ಹಾಲು ಅರ್ಧ ಗಂಟೆ ತಡವಾಗಿ ಹೋಯಿತು. ತುಂಬಿದ ಪುಟದ ಕೆಳಗೆ ಮುನಿಯಲ್ಲಮ್ಮ ಎಲ್ಲರಿಗಿಂತ ಮೊದಲು ಸಹಿ ಹಾಕಿದಳು.