ರೋಗದ ಮಡಿಯಲ್ಲಿ ನಿಂತ ಗಿಡ

ಊರಿನವರೆಲ್ಲ ರೋಗ ಓಡಿಸುವುದಕ್ಕೆ ಒದ್ದಾಡಿದರೆ, ಈ ಹೆಂಗಸಿಗೆ ರೋಗ ಸಾಕುವುದೇ ಕೆಲಸ! ಆಲೂಗಡ್ಡೆ ಸಂಶೋಧನಾ ತೋಟದ ಹಿಂಬದಿಯಲ್ಲಿ, ತಂತಿ ಬೇಲಿಯೊಳಗೆ ಒಂದು ಮಡಿಯಿದೆ. ಕೊಳೆತ ಗಡ್ಡೆಗಳನ್ನು ಹೂತು, ಸೊರಗು ರೋಗದ ಬ್ಯಾಕ್ಟೀರಿಯಾ ಸಾಯದಂತೆ ಅಲ್ಲಿನ ಮಣ್ಣನ್ನು ಹಸಿಯಾಗಿಡುವವಳು ಅವಳು. ಹೊಸ ತಳಿಯ ಸಸಿಗಳನ್ನು ತಂದು ಅಲ್ಲೇ ನೆಡುತ್ತಾರೆ. ಸಾಯದೆ ಉಳಿದದ್ದು ಗೆದ್ದಂತೆ. ಆದರೆ ಉಳಿಯಬೇಕಲ್ಲ! ಬೆಳಿಗ್ಗೆ ನಗುನಗುತ್ತಾ ನಿಂತ ಸಸಿ ಮಧ್ಯಾಹ್ನದ ಹೊತ್ತಿಗೆ ಹಸಿರೆಲೆಯಲ್ಲೇ ತಲೆ ಬಾಗಿಸಿ ಮಲಗಿಬಿಡುತ್ತಿತ್ತು. ಕಣ್ಣಿಗೆ ಕಾಣದ ಜೀವಿಗೆ ಅಷ್ಟು ಬಲವೇ ಎಂದು ಬೆರಗಾಗುವುದನ್ನು ಅವಳು ಇಷ್ಟು ವರ್ಷವಾದರೂ ಬಿಟ್ಟಿರಲಿಲ್ಲ.

ಗೇಟಿನ ಬಳಿ ಬೂಟು, ಗುದ್ದಲಿ, ಉಗುರು ಎಲ್ಲ ಉಜ್ಜಿ ತೊಳೆದೇ ಮನೆಗೆ ಹೋಗುತ್ತಿದ್ದಳು. ಆದರೂ ಮನೆಯ ಪಕ್ಕದಲ್ಲೇ ಆಲೂಗಡ್ಡೆ ಬೆಳೆಯುವ ಅವಳ ನಾದಿನಿ, “ಅತ್ಗೆ, ನೀವು ರಸ್ತೇಲೇ ನಿಂತ್ಕೊಂಡು ಮಾತಾಡಿ, ನನ್ನ ಹೊಲಕ್ಕೆ ಮಾತ್ರ ಕಾಲಿಡ್ಬೇಡಿ,” ಎಂದು ನಗುತ್ತಲೇ ತಡೆಯುತ್ತಿದ್ದಳು.

“ನೀನು ಕರೆದ್ರೂ ನಾನು ಬರಲ್ಲ ಬಿಡು,” ಎಂದು ಇವಳೂ ನಗುತ್ತಿದ್ದಳು.

ಈ ಬೆಳೆ ಮುಗಿದರೆ ಅವಳಿಗೆ ನಿವೃತ್ತಿ. ಹೋಗುವ ಮೊದಲು ಒಂದೇ ಒಂದು ಗಿಡ ಆ ಮಣ್ಣಲ್ಲಿ ನಿಂತದ್ದನ್ನು ಕಣ್ತುಂಬ ನೋಡಬೇಕು. ಬೇರೆ ಆಸೆಯೇ ಇರಲಿಲ್ಲ.

ಈ ಸಲ ನಿಂತಿತು! ಕಾಡು ಆಲೂಗಡ್ಡೆಯ ಪರಾಗ ಸೇರಿಸಿ ಮಾಡಿದ ಸಸಿಗಳ ಸಾಲೆಲ್ಲ ನೆಲ ಕಚ್ಚಿದರೂ ಮೂಲೆಯ ಒಂದು ಮಾತ್ರ ಎರಡು ಕಾಂಡ ಚಾಚಿಕೊಂಡು ಎದ್ದಿತ್ತು. ಹೊಸ ತಳಿ ತಯಾರಿಸುವ ಮೇಡಂ ಕುಣಿದಾಡುವುದೊಂದು ಬಾಕಿ. “ನೋಡಿದ್ರಾ, ಕೊನೆಗೂ ಸಿಕ್ತು!”

ಅವಳ ಎದೆ ಧಸಕ್ಕೆಂದಿತು. ನೆಟ್ಟ ಮೇಲೆ ಪ್ರತಿ ಸಸಿಯ ಬೇರನ್ನೂ ಚಾಕುವಿನಿಂದ ಗೀರಿ, ಬ್ಯಾಕ್ಟೀರಿಯಾ ಕದಡಿದ ರೋಗದ ನೀರು ಹೊಯ್ಯಬೇಕು. ಗಾಯವಿದ್ದರೆ ರೋಗ ಸಲೀಸಾಗಿ ಒಳಹೋಗುತ್ತದೆ. ಆ ಮೂಲೆಯ ಸಸಿ ಕಿರುಬೆರಳಿನಷ್ಟಿತ್ತು. ‘ಪಾಪ, ಹಸುಗೂಸು, ನಾಳೆ ಗೀರಿದರಾಯಿತು’ ಎಂದು ಬಿಟ್ಟವಳು ಮರೆತೇಬಿಟ್ಟಿದ್ದಳು. ಅಲ್ಲಾ, ರೋಗ ಸಾಕುವವಳಿಗೂ ಕರುಳು ಚುರುಕ್ಕೆನ್ನಬೇಕೇ! ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಬೀಳ್ಕೊಡುತ್ತಿದ್ದರು. ಆದರೆ ಇದನ್ನೇ ನಂಬಿ ಮಾಡಿದ ತಳಿ ಮುಂದೆ ನಾದಿನಿಯ ಹೊಲ ಸೇರಿ, ಅಲ್ಲಿ ಮಲಗಿದರೆ?

“ಮೇಡಂ, ಇದರ ಬೇರು ನಾನು ಗೀರೇ ಇಲ್ಲ,” ಎಂದಳು.

ಮೇಡಂ ಮುಖ ಸಪ್ಪಗಾಯಿತು. ಆಮೇಲೆ ಚಾಕುವನ್ನು ಅವಳ ಕೈಗೇ ಕೊಟ್ಟರು. “ಹಾಗಾದ್ರೆ ಈಗ ಗೀರಿ.”

ಅವಳು ಈ ಸಲ ಕರುಣೆ ತೋರಲಿಲ್ಲ. ಎರಡೂ ಬದಿ ಗೀರಿ ರೋಗದ ನೀರು ಹೊಯ್ದಳು. ಅಂದಿನಿಂದ ಬಿಸಿಲು ಏರಿದಂತೆಲ್ಲ ಮತ್ತೆ ಮತ್ತೆ ಹೋಗಿ ಅದನ್ನು ನೋಡಿ ಬರುತ್ತಿದ್ದಳು. ಒಂದು ಮಧ್ಯಾಹ್ನ ಎಲೆಗಳು ಜೋತುಬಿದ್ದವು. ‘ಮುಗೀತು’ ಎಂದುಕೊಂಡು ಮನೆಗೆ ಹೋದಳು. ಬೆಳಿಗ್ಗೆ ಬಂದರೆ ನೆಟ್ಟಗೆ ನಿಂತಿದೆ! ಮತ್ತೆ ಬಾಗಲೇ ಇಲ್ಲ.

ನಿಂತರೆ ಸಾಲದು, ಒಳಗೆ ರೋಗ ಅಡಗಿರಬಹುದು. ಕೆಲವು ವಾರಗಳ ಬಳಿಕ ಒಂದು ಕಾಂಡ ಕೊಯ್ದು ಗಾಜಿನ ಲೋಟದ ನೀರಿನಲ್ಲಿ ತೂಗುಬಿಟ್ಟರು. ರೋಗವಿದ್ದರೆ ಕೊಯ್ದ ತುದಿಯಿಂದ ಹಾಲಿನ ಎಳೆಯಂಥ ದಾರ ಇಳಿಯುತ್ತದೆ. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಏನೂ ಇಳಿಯಲಿಲ್ಲ. ಮೇಡಂ ನಂಬದೆ, ಬೇರಿನ ಹತ್ತಿರದ ತುಂಡನ್ನೂ ಕೊಯ್ದು ನೋಡಿದರು. ನೀರು ತಿಳಿಯಾಗಿಯೇ ಇತ್ತು.

“ಕಾಡಿನ ಗುಣ ಅಲ್ವಾ, ಗಡ್ಡೆ ಗೋಲಿಯಷ್ಟಿರತ್ತೆ, ಕಹಿ ಬೇರೆ. ತಿನ್ನೋ ಹಾಗಾಗೋಕೆ ಇನ್ನೂ ಎಷ್ಟೋ ವರ್ಷ ಬೇಕು,” ಎಂದರು ಮೇಡಂ, ಕಣ್ಣೊರೆಸಿಕೊಳ್ಳುತ್ತಾ.

ಅವಳಿಗೆ ಅದು ಕೇಳಿಸಲೇ ಇಲ್ಲ. ಬೇಲಿಯೊಳಗೆ ಹೋಗಿ, ಉಳಿದ ಇನ್ನೊಂದು ಕಾಂಡದ ಮುಂದೆ ಧೊಪ್ಪನೆ ಕೂತಳು. ತಾನೇ ಸಾಕಿದ ರೋಗ, ತಾನೇ ಮಾಡಿದ ಗಾಯ! “ಹೇಗಮ್ಮಾ ತಡ್ಕೊಂಡೆ ನೀನು?” ಎಂದು ಕೇಳಿ, ಗಟ್ಟಿಯಾಗಿ ಅತ್ತುಬಿಟ್ಟಳು.